ದ್ರಾಕ್ಷಿಬಣ್ಣದ ಪರದೆ

ಬಬಲೇಶ್ವರದಿಂದ ತಿಕೋಟಾಕ್ಕೆ ಹೋಗುವ ಸಂಜೆಯ ಬಸ್ಸಿನಲ್ಲಿ ನಾನು ಸಾಮಾನ್ಯವಾಗಿ ನಿದ್ದೆ ಮಾಡುತ್ತೇನೆ. ಬಬಲೇಶ್ವರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ರಸಾಯನಶಾಸ್ತ್ರ ಕಲಿಸುತ್ತೇನೆ. ದಿನವಿಡೀ ನಿಂತ ಕಾಲುಗಳಿಗೆ ಸೀಟೊಂದು ಸಿಕ್ಕರೆ ಕಣ್ಣುಗಳು ತಾವೇ ಮುಚ್ಚಿಕೊಳ್ಳುತ್ತವೆ. ಮೊನ್ನೆ ಮಾತ್ರ ಊರು ಇನ್ನೂ ದೂರವಿರುವಾಗಲೇ ಎಚ್ಚರವಾಯಿತು. ಕಿಟಕಿಯಿಂದ ಗಂಧಕದ ಹೊಗೆ ಒಳಗೆ ಬರುತ್ತಿತ್ತು. ಮೂಗನ್ನು ಚುಚ್ಚಿ ಗಂಟಲಿಗೆ ಇಳಿದು ಅಲ್ಲೇ ಕೂರುವ ವಾಸನೆ ಅದು. ರಸ್ತೆ ಪಕ್ಕದ ಯಾವುದೋ ಶೆಡ್ಡಿನಲ್ಲಿ ಒಣದ್ರಾಕ್ಷಿಗೆ ಹೊಗೆ ಕೊಡುತ್ತಿದ್ದರು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬ್ಯಾಸಗಿ ಬಂತಂದ್ರ ಇದೊಂದ ಗೋಳ ನೋಡ್ರಿ. ಕಿಡಕಿ ಹಾಕ್ರಿ," ಎಂದಳು. ನಾನು ಹಾಕಿದೆ. ಆದರೆ ಆಗಲೇ ತಡವಾಗಿತ್ತು. ಎಂ.ಎಸ್ಸಿ. ಮುಗಿಸಿ ಮನೆಗೆ ಬಂದು ಕುಳಿತಿದ್ದ ವರ್ಷದ ಸುಗ್ಗಿ ಪೂರ್ತಿಯಾಗಿ ನನ್ನ ಪಕ್ಕದಲ್ಲಿ ಬಂದು ಕುಳಿತಿತ್ತು.

ತಿಕೋಟಾದ ಹೊರಗೆ ನಮ್ಮದೊಂದು ದ್ರಾಕ್ಷಿ ತೋಟವಿದೆ. ಅದರ ಅಂಚಿಗೆ ಒಣಗಿಸುವ ಶೆಡ್ಡು: ಮೇಲೆ ತಗಡು, ನಾಲ್ಕೂ ಕಡೆ ಬಯಲು, ಒಳಗೆ ರೈಲಿನ ಬರ್ತುಗಳ ಹಾಗೆ ಒಂದರ ಮೇಲೊಂದು ಬಲೆ ಬಿಗಿದ ಅಟ್ಟಣಿಗೆಗಳು. ಹಣ್ಣು ಕೊಯ್ದು, ಎಣ್ಣೆ ಮತ್ತು ಕ್ಷಾರ ಕಲಸಿದ ನೀರಿನಲ್ಲಿ ಅದ್ದಿ, ಬಲೆಯ ಮೇಲೆ ಹರವಬೇಕು. ಎರಡು ವಾರದಲ್ಲಿ ಹಣ್ಣು ಸುಕ್ಕಾಗುತ್ತದೆ. ಅಷ್ಟರಲ್ಲಿ ಅದ್ದುವವರ ಕೈಯೂ ಸುಕ್ಕಾಗುತ್ತದೆ. ಅವ್ವನ ಬೆರಳುಗಳು ಆ ತಿಂಗಳುಗಳಲ್ಲಿ ಯಾವಾಗಲೂ ಒಡೆದಿರುತ್ತಿದ್ದವು. ಊಟ ಮಾಡುವಾಗ ಖಾರ ತಾಗಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದಳು, ಮತ್ತೆ ಉಣ್ಣುತ್ತಿದ್ದಳು. ಅಪ್ಪ ತೋಟದ ಕಡೆ ನೋಡಿಕೊಂಡರೆ ಶೆಡ್ಡು ಅವ್ವನದು.

ನಾನು ಆ ವರ್ಷ ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೆ. ಬೆಳಿಗ್ಗೆ ಶೆಡ್ಡು, ಮಧ್ಯಾಹ್ನ ಪುಸ್ತಕ. ಮೂರನೆಯದೊಂದು ಕೆಲಸವಿತ್ತು. ಅದರ ಬಗ್ಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬಿರುಕು ಎಂಬುದು ಹುಬ್ಬಳ್ಳಿಯ ನಾಲ್ಕು ಜನರ ಒಂದು ರಾಕ್ ಬ್ಯಾಂಡು. ಹಾಡುವವನೊಬ್ಬ, ಗಿಟಾರಿನವರಿಬ್ಬರು, ಡ್ರಮ್ಸ್ ಬಾರಿಸುವ ಹುಡುಗಿಯೊಬ್ಬಳು. ವಿಶ್ವವಿದ್ಯಾಲಯದಲ್ಲಿ ಓದುವಾಗ ನನ್ನ ಗೆಳತಿ ನಾಜನೀನ್ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ತುರುಕಿ, "ಕೇಳಲೇ, ನಮ್ಮ ಮಾತಿನ್ಯಾಗ ಬೈಕೋಂತ ಹಾಡಾಕತ್ತಾರ," ಎಂದಿದ್ದಳು. ನಿಜಕ್ಕೂ ಅವರು ನಮ್ಮ ಮಾತಿನಲ್ಲೇ ಹಾಡುತ್ತಿದ್ದರು: ನೀರಿನ ಟ್ಯಾಂಕರಿನ ಬಗ್ಗೆ, ಬಾರದ ಬಸ್ಸಿನ ಬಗ್ಗೆ, ಬಿಸಿಲಿಗೆ ಕುದಿಯುವ ತಲೆಯ ಬಗ್ಗೆ. ನಾಜನೀನ್ ಹಾಡಿನ ಜೊತೆ ಕಿರುಚುತ್ತಿದ್ದಳು. ನನಗೆ ಕಿರುಚಲು ಬರುವುದಿಲ್ಲ. ಹಾಗಾಗಿ ಬಿಡಿಸತೊಡಗಿದೆ. ಡ್ರಮ್ಸಿನವಳನ್ನು ದ್ರಾಕ್ಷಿ ಕ್ರೇಟುಗಳ ನಡುವೆ ಕೂರಿಸಿ, ಬೋರಲು ಹಾಕಿದ ಬಕೆಟ್ಟುಗಳನ್ನು ಅವಳ ಮುಂದಿಟ್ಟೆ. ಗಿಟಾರಿನವನೊಬ್ಬನನ್ನು ಕಾಖಂಡಕಿಯ ಬಸ್ ನಿಲ್ದಾಣದಲ್ಲಿ ನಿಲ್ಲಿಸಿದೆ. ಹಾಡುವವನನ್ನು ವಿಜಯಪುರದ ಜೋರಾಪುರ ಪೇಟೆಯಲ್ಲಿ, ನಾಜನೀನಳ ಮನೆಯ ಓಣಿಯಲ್ಲಿ, ನೆತ್ತಿಯ ಮೇಲೆ ಜೋತ ತಂತಿಗಳ ಕೆಳಗೆ ನಡೆಸಿದೆ. ಮೊಬೈಲಿನಲ್ಲಿ ಹೆಸರಿಲ್ಲದ ಒಂದು ಪುಟ ತೆರೆದು ಅವನ್ನೆಲ್ಲ ಹಾಕುತ್ತಿದ್ದೆ. ಅದು ನನ್ನ ಪುಟವೆಂದು ಗೊತ್ತಿದ್ದದ್ದು ನಾಜನೀನಳಿಗೆ ಮಾತ್ರ.

ಆ ಸುಗ್ಗಿ ಶುರುವಾದ ವಾರ ಬ್ಯಾಂಡಿನಿಂದ ಸಂದೇಶ ಬಂತು. ವಿಜಯಪುರದಲ್ಲಿ ಮೊದಲ ಸಲ ಹಾಡಲು ಬರುತ್ತಿದ್ದರು. ವೇದಿಕೆಯ ಹಿಂದೆ ಕಟ್ಟಲು ಒಂದು ದೊಡ್ಡ ಪರದೆ ಬೇಕು; ನಿಮ್ಮ ಚಿತ್ರಗಳಲ್ಲಿ ನಾವು ನಮ್ಮ ಊರಿನವರಂತೆ ಕಾಣುತ್ತೇವೆ, ನೀವೇ ಬಿಡಿಸಿಕೊಡುವಿರಾ ಸರ್, ಎಂದು ಕೇಳಿದ್ದರು.

ನಾಜನೀನ್ ಅದನ್ನು ಎರಡು ಸಲ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾ ಅಲ್ಲಾ! ಸರ್ ಅಂತ! ಮೀಸಿ ಹಚಗೊಂಡ ಹೋಗಬೇಕಾಕೈತಿ ನೀ."

"ಅನ್ನಲಿ ಬಿಡು. ಪರದೆ ಕಳಿಸೋಣು. ನಾವು ಹಿಂದ ಕುಂತ ನೋಡೋಣು."

"ಹಂಗಂದ್ರ ಮುಂದ ಹೋಗಿ ಮಾತಾಡಸಂಗಿಲ್ಲ?"

"ಇಲ್ಲ."

"ನಿನ್ನಂಥಾ ಹುಚ್ಚಿನ್ನ ನಾ ನೋಡಿಲ್ಲ ಬೇ," ಎಂದಳು. ಆದರೆ ಮರುದಿನವೇ ತನ್ನ ಮನೆಯ ಕೆಳಗಿನ ಅಂಗಡಿಯಿಂದ ಒರಟು ಬಿಳಿ ಮಾದರಪಾಟ ಬಟ್ಟೆ ಕೊಂಡು, ಪಟ್ಟಿಗಳನ್ನು ತಾನೇ ಹೊಲಿಗೆ ಯಂತ್ರದಲ್ಲಿ ಜೋಡಿಸಿ, ತಿಕೋಟಾದ ಬಸ್ಸಿಗೆ ಹೊತ್ತು ತಂದಳು.

ಅಂಗಡಿಯ ಬಣ್ಣ ನಾನು ಬಳಸಲಿಲ್ಲ. ನಮ್ಮ ತೋಟದ ಒಂದು ಮೂಲೆಯಲ್ಲಿ ಕರಿ ದ್ರಾಕ್ಷಿಯ ಬಳ್ಳಿಗಳಿದ್ದವು. ಅವುಗಳ ಒಡೆದ, ಕೊಳೆತ ಹಣ್ಣನ್ನು ಯಾರೂ ಕೇಳುತ್ತಿರಲಿಲ್ಲ. ಅದರ ಸಿಪ್ಪೆ ಕುದಿಸಿ, ಪಟಿಕದ ನೀರಿನಲ್ಲಿ ನೆನೆಸಿದ ಬಟ್ಟೆಗೆ ಹಚ್ಚಿದರೆ ನೇರಳೆ ಬಣ್ಣ ಕೂರುತ್ತದೆ. ಅದೇ ರಸಕ್ಕೆ ನಿಂಬೆ ಹಿಂಡಿದರೆ ಕೆಂಪು, ತಿಳಿ ಸುಣ್ಣದ ನೀರು ಬೆರೆಸಿದರೆ ಹಸಿರಿಗೆ ತಿರುಗಿದ ನೀಲಿ. ಒಂದೇ ಹಣ್ಣಿನಲ್ಲಿ ಮೂರು ಬಣ್ಣ. ಓದಿದ ವಿಷಯ ಕೈಗೆ ಹತ್ತಿದ್ದು ನನಗೆ ಅದೇ ಮೊದಲು. ನಾಲ್ಕು ಜನರನ್ನೂ ಗೆರೆ ಹಾಕದೆ, ಬರೀ ಬಣ್ಣದ ಮೇಲೆ ಬಣ್ಣ ಇಟ್ಟು ನಿಲ್ಲಿಸಬೇಕೆಂದು ನಿರ್ಧರಿಸಿದೆ. ಬಿಸಿಲಿನಲ್ಲಿ ದೂರದ ಮನುಷ್ಯರಿಗೆ ಅಂಚು ಇರುವುದಿಲ್ಲವಲ್ಲ, ಹಾಗೆ.

ನಾನು ಕೊಳೆತ ಹಣ್ಣು ಆರಿಸುವುದನ್ನು ನೋಡಿ ಶೆಡ್ಡಿಗೆ ಕೆಲಸಕ್ಕೆ ಬರುತ್ತಿದ್ದ ಗಂಗವ್ವ ಸುಮ್ಮನಿರಲಿಲ್ಲ. "ಅಲ್ರೀ ಅಕ್ಕಾರ, ಇಷ್ಟ ಓದಿಸಿ ಕಡೀಕ ಮಗಳ ಕೈಯಾಗ ಕೊಳತದ್ದ ಕೊಟ್ರ್ಯಲ್ಲ! ಆರಿಸಾಕ ನಾವ ಇದ್ದಿದ್ದಿವಲ್ಲ, ಸಾಲಿ ಕಲಿಲಾರದವ್ರು."

"ನಿನ್ನ ಕೈ ನಡೀಲಿ ಗಂಗವ್ವ," ಎಂದಳು ಅವ್ವ. "ಬಾಯಿ ತಾನ ನಡೀತೈತಿ."

ಅವ್ವ ನನ್ನನ್ನು ಏನೂ ಕೇಳಲಿಲ್ಲ. ನಮ್ಮಿಬ್ಬರ ನಡುವೆ ಮಾತು ಕಡಿಮೆ. ನನ್ನ ಸ್ವಭಾವ ಅವಳಿಂದಲೇ ಬಂದದ್ದು. ಶೆಡ್ಡಿನ ಹಿಂದಿನ ಗೋದಾಮಿನ ನೆಲದ ಮೇಲೆ ಬಟ್ಟೆ ಹಾಸಿಕೊಂಡು, ಮಂಡಿಯೂರಿ ಬಣ್ಣ ಹಚ್ಚುತ್ತಿದ್ದೆ. ಒಂದು ಮಧ್ಯಾಹ್ನ ಅವ್ವ ಬಾಗಿಲ ಬಳಿ ಬಂದು ನಿಂತಳು. "ಯಾರಿವರು?" ಎಂದಳು.

"ಹಾಡವರು. ಹುಬ್ಬಳ್ಳಿ ಮಂದಿ."

"ಈ ಹೆಣ್ಮಗಳೂ ಹಾಡತಾಳ?"

"ಇಲ್ಲ, ಡ್ರಮ್ಸ್ ಬಾರಸ್ತಾಳ."

"ಹಲಗಿ ಇದ್ಹಂಗ?"

"ಹಂಗ ಅನ್ನು."

ಅವ್ವ ಬಗ್ಗಿ ನೋಡಿದಳು. "ಕೈ ನೋಯಂಗಿಲ್ಲೇನ ಅಕಿಗೆ? ಹಿಂಗ ಮ್ಯಾಲ ಎತ್ತೇ ಎತ್ತತಾಳಲ್ಲ."

ಎಷ್ಟೋ ತಿಂಗಳಿಂದ ಅವರ ಪ್ರತಿ ಹಾಡು ಕೇಳಿದ್ದೆ, ಪ್ರತಿ ವಿಡಿಯೊ ನೋಡಿದ್ದೆ. ಅವಳ ಕೈ ನೋಯುತ್ತದೆಯೇ ಎಂಬುದು ನನಗೆ ಹೊಳೆದಿರಲಿಲ್ಲ. ಆಮೇಲೆ ಆ ಎತ್ತಿದ ತೋಳುಗಳ ಭಾರ ಕಾಣುವ ಹಾಗೆ ಮೊಣಕೈಯ ಬಳಿ ನೇರಳೆಯನ್ನು ಮತ್ತೊಮ್ಮೆ ಹಚ್ಚಿದೆ.

ಬಿಸಿಲು ಏರಿದಂತೆ ಕೆಲಸವೂ ಏರಿತು. ತೋಟದ ಕೊಯ್ಲು ಒಮ್ಮೆಲೇ ಬಂತು. ಅಪ್ಪ ಕ್ರೇಟುಗಳನ್ನು ತಂದು ಸುರಿಯುತ್ತಿದ್ದ. ನಾವು ಅದ್ದುತ್ತಿದ್ದೆವು, ಹರವುತ್ತಿದ್ದೆವು, ಒಣಗಿದ್ದನ್ನು ಉದುರಿಸಿ ಕಡ್ಡಿ ಆರಿಸುತ್ತಿದ್ದೆವು. ಪುಸ್ತಕ ತೆರೆದರೆ ಅಕ್ಷರಗಳು ಬಲೆಯ ಕಣ್ಣುಗಳಾಗಿ ಕಾಣುತ್ತಿದ್ದವು. ದಣಿವು ಎಂಬುದು ದಿನದ ಕೊನೆಗೆ ಬರುತ್ತದೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಆ ವರ್ಷ ಅದು ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಕುಳಿತಿರುತ್ತಿತ್ತು. ಆದರೂ ಮಧ್ಯಾಹ್ನ ಗೋದಾಮಿಗೆ ಹೋಗುತ್ತಿದ್ದೆ. ಆ ಪರದೆ ಅವರ ಬೆನ್ನ ಹಿಂದೆ ತೂಗಿದರೆ, ನಾನು ಬಾಯಿ ಬಿಟ್ಟು ಹೇಳಲಾರದ್ದೆಲ್ಲ ನಮ್ಮೂರ ಮಂದಿಯ ಎದುರು ಒಂದು ಸಂಜೆಯ ಮಟ್ಟಿಗಾದರೂ ನಿಲ್ಲುತ್ತಿತ್ತು. ನನಗೆ ಬೇಕಿದ್ದದ್ದು ಅಷ್ಟೇ, ಮತ್ತು ಅದು ಬಹಳ ಬೇಕಿತ್ತು.

ಕಾರ್ಯಕ್ರಮಕ್ಕೆ ವಾರವಿರುವಾಗ ಪರದೆ ಮುಗಿಯಿತು. ನಾಜನೀನ್ ಬಂದು, ಕ್ರೇಟಿನ ಮೇಲೆ ಹತ್ತಿ ಫೋಟೊ ತೆಗೆದಳು. ದ್ರಾಕ್ಷಿಯ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ, ನೆರಳಿನಲ್ಲಿ ಗಾಳಿಯಾಡಬೇಕು. ಗೋದಾಮಿನ ಹಿಂದಿನ ಬೇವಿನ ಮರಗಳ ನಡುವೆ ಹಗ್ಗ ಕಟ್ಟಿ ಹಾಕಿದೆವು. ಮರುದಿನ ನನ್ನ ಪರೀಕ್ಷೆ. ನಸುಕಿನಲ್ಲೇ ವಿಜಯಪುರಕ್ಕೆ ಹೊರಟೆ.

ಪರೀಕ್ಷೆ ಹೇಗಾಯಿತೆಂದು ಈಗ ನೆನಪಿಲ್ಲ. ಎರಡನೆಯ ಪತ್ರಿಕೆಯ ನಡುವೆ ಕಿಟಕಿಯಾಚೆ ಆಕಾಶ ಕಪ್ಪಾದದ್ದು ನೆನಪಿದೆ. ಒಣದ್ರಾಕ್ಷಿಯ ಕಾಲದಲ್ಲಿ ಮೋಡ ಕಂಡರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಹಣ್ಣು. ಅರ್ಧ ಒಣಗಿದ ಹಣ್ಣಿಗೆ ತೇವ ತಾಗಿದರೆ ಕಪ್ಪಾಗಿಬಿಡುತ್ತದೆ. ಅಂದು ನನಗೆ ಮೊದಲು ನೆನಪಾದದ್ದು ಹಣ್ಣಲ್ಲ, ಬೇವಿನ ಮರಗಳ ನಡುವಿನ ಬಟ್ಟೆ. ಹೊರಬಂದಾಗ ಗಾಳಿ ಎದ್ದಿತ್ತು. ಬಸ್ಸು ತಿಕೋಟಾದ ದಾರಿ ಹಿಡಿಯುವಷ್ಟರಲ್ಲಿ ಗಾಜಿನ ಮೇಲೆ ದಪ್ಪ ಹನಿಗಳು. ಮನೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಎತ್ತುವುದಕ್ಕೆ ಯಾರ ಕೈಯೂ ಬಿಡುವಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಹೋಗಿ ನೋಡಿದರೆ ಮಳೆ ನಿಂತಿತ್ತು. ಶೆಡ್ಡಿನ ನಾಲ್ಕೂ ಕಡೆ ತಾಡಪತ್ರಿ ಇಳಿಬಿಟ್ಟು ಬಿಗಿದಿದ್ದರು. ಅಂಚುಗಳಿಂದ ಗಂಧಕದ ಹೊಗೆ ತೆಳ್ಳಗೆ ಸೋರುತ್ತಿತ್ತು. ತೇವದ ಗಾಳಿ ಬಂದಾಗ ಹಣ್ಣಿನ ಬಣ್ಣ ಕೆಡದಿರಲೆಂದು ನಾವು ಮಾಡುವ ಮೊದಲ ಕೆಲಸ ಅದೇ: ಎಲ್ಲ ಮುಚ್ಚಿ, ಒಳಗೆ ಗಂಧಕ ಸುಡುವುದು. ಅವ್ವ ಕ್ರೇಟಿನ ಮೇಲೆ ಕುಳಿತಿದ್ದಳು. ಸೀರೆ ಮೈಗೆ ಅಂಟಿತ್ತು, ಕಾಲು ಮೊಣಕಾಲಿನವರೆಗೆ ಕೆಸರು. ನನ್ನನ್ನು ಕಂಡ ಕೂಡಲೇ, ನಾನು ಕೇಳುವ ಮೊದಲೇ ಹೇಳಿದಳು:

"ನಿನ್ನ ಬಟ್ಟಿ ಒಳಗ ಹಾಕೇನಿ ತಗೋ. ಒಂದ ಹನಿ ಬಡದಿಲ್ಲ."

"ಓಡಿದ್ದ ಓಡಿದ್ದು ನೋಡಬೇಕಿತ್ತ ನೀವು!" ಎಂದಳು ಗಂಗವ್ವ. "ನಾವೆಲ್ಲಾ ಮಣೂಕದ ಹಣ್ಣಿನ ಕಡೆ ಓಡಿದ್ರ ನಿಮ್ಮವ್ವಾರು ಬಟ್ಟಿ ಕಡೆ ಓಡ್ಯಾರ. ಮಾಲಕರು 'ಎಲ್ಲಿ ಹೊಂಟಿ' ಅಂತ ಒದರತಾರ, ಇವರು ಕೇಳಿದ್ರ ಅಲ್ಲ!"

ಅಪ್ಪ ಹಗ್ಗ ಬಿಗಿಯುತ್ತ, "ಗೋದಾಮ ಸೋರಾಕತ್ತಿತ್ತ. ಇಲ್ಲೇ ಶೆಡ್ಡಿನ್ಯಾಗ ಹಾಕು ಅಂದೆ ನಾನ," ಎಂದ.

ಮೂವರ ನಡುವೆ, ಆ ವಾಸನೆಯ ನಡುವೆ ನಿಂತು ನಾನು ನಿಟ್ಟುಸಿರಿಟ್ಟೆ. ಕಣ್ಣು ಉರಿಯುತ್ತಿತ್ತು, ಪರೀಕ್ಷೆಯ ಉರಿ ಎಂದುಕೊಂಡೆ. ಅವ್ವ ಓಡಿದ್ದಳು. ಆ ಬಟ್ಟೆ ನನಗೆಷ್ಟು ಬೇಕೆಂದು ನಾನು ಅವಳಿಗೆ ಹೇಳಿರಲಿಲ್ಲ, ಆದರೂ ಓಡಿದ್ದಳು. ಆ ಹೊತ್ತಿಗೆ ಬೇರೆ ಯಾವುದೂ ತಲೆಯೊಳಗೆ ಹೋಗಲಿಲ್ಲ. ಊಟ ಮಾಡಿ ಮಲಗಿಬಿಟ್ಟೆ.

ಬೆಳಿಗ್ಗೆ ತಾಡಪತ್ರಿ ಸುತ್ತಿದರು. ಹಣ್ಣು ಉಳಿದಿತ್ತು, ಬಲೆ ಬಲೆಯ ಮೇಲೂ ಎಳೆಬಿಸಿಲಿನಂಥ ಹಳದಿ-ಹಸಿರು. ಅಪ್ಪ ಒಂದು ಕಾಳು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದ. ಅವ್ವ ಮೇಲಿನ ಅಟ್ಟಣಿಗೆಯಿಂದ ಬಟ್ಟೆಯ ಮಡಿಕೆಯನ್ನು ಎರಡೂ ಕೈಯಲ್ಲಿ ಇಳಿಸಿದಳು. ನಾವಿಬ್ಬರೂ ಒಂದೊಂದು ತುದಿ ಹಿಡಿದು ಬಿಡಿಸಿದೆವು.

ಬಟ್ಟೆ ಬಿಳಿಚಿತ್ತು. ಮಾದರಪಾಟದ ಮೊದಲಿನ ಬಿಳಿಯೂ ಅಲ್ಲ, ಹಳೆಯ ಹುಲ್ಲಿನ ಬಣ್ಣ. ಹೊಲಿಗೆ ದಪ್ಪವಿದ್ದ ಕಡೆ ಮಾತ್ರ ನೇರಳೆಯ ಎಳೆಯೊಂದು ಉಳಿದಿತ್ತು. ನಾಲ್ಕು ಜನರಿದ್ದ ಜಾಗದಲ್ಲಿ ನೀರು ಚೆಲ್ಲಿ ಒಣಗಿದಂಥ ಕಲೆಗಳು.

ಅವ್ವ ಬಟ್ಟೆಯನ್ನು ಮೂಗಿನ ಹತ್ತಿರ ಒಯ್ದಳು. "ಗಂಧಕ," ಎಂದಳು. ಆಮೇಲೆ ಅಲ್ಲೇ ಕುಳಿತಳು. "ಹಣ್ಣ ಬೆಳ್ಳಗಾಗಲೆಂತ ನಾವ ಹಾಕ್ತೀವಲ್ಲ..." ಎಂದು ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು.

ಅವಳು ಮದುವೆಯಾಗಿ ಬಂದಾಗಿನಿಂದ ಆ ಹೊಗೆ ಹಾಕುತ್ತಿದ್ದಾಳೆ. ನಾನು ಪಿ.ಯು.ಸಿ.ಯಲ್ಲಿ ಗಾಜಿನ ಜಾಡಿಯಲ್ಲಿ ದಾಸವಾಳದ ಹೂವಿಟ್ಟು, ಗಂಧಕ ಸುಟ್ಟು, ಕೆಂಪು ಹೂವು ಬಿಳಿಯಾದದ್ದನ್ನು ಬರೆದು ಅಂಕ ಪಡೆದಿದ್ದೇನೆ. ಇಬ್ಬರಿಗೂ ಗೊತ್ತಿದ್ದ ಸಂಗತಿ. ಇಬ್ಬರಿಗೂ ಹೊಳೆಯಲಿಲ್ಲ. ಆ ಶೆಡ್ಡಿನಲ್ಲಿ ಹೊಗೆ ಎಂದರೆ ಕಾಪಾಡುವುದು ಎಂದೇ ನಾವು ಬದುಕಿದ್ದೆವು.

"ಗಾಳಿಗೆ ಹಾಕಿದ್ರ ಸ್ವಲ್ಪ ತಿರುಗಿ ಬರತೈತಿ," ಎಂದೆ. ಅದು ಸುಳ್ಳಲ್ಲ. ಆ ಹೊಗೆ ಬಣ್ಣವನ್ನು ಕೊಲ್ಲುವುದಿಲ್ಲ, ಕಟ್ಟಿಹಾಕುತ್ತದೆ. ಗಾಳಿಯಾಡಿದರೆ ಒಂದಿಷ್ಟು ಬಿಡುಗಡೆಯಾಗುತ್ತದೆ. ಮತ್ತೆ ಬೇವಿನ ಮರಗಳ ನಡುವೆ ಹಾಕಿದೆವು. ಅವ್ವ ಕೆಲಸದ ನಡುವೆ ಎದ್ದೆದ್ದು ಹೋಗಿ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡುವಂತೆ ನೋಡಿ ಬರುತ್ತಿದ್ದಳು. "ಈ ಕಡೀಕ ಸ್ವಲ್ಪ ಕೆಂಪ ಬಂದೈತಿ ನೋಡ," ಎನ್ನುತ್ತಿದ್ದಳು. ಬಂದಿತ್ತು. ನಿಂಬೆ ಹಿಂಡಿದ್ದ ಕಡೆ, ಡ್ರಮ್ಸಿನವಳ ಎತ್ತಿದ ಕೈಗಳಲ್ಲಿ, ಮಗುವಿನ ಉಗುರಿನಷ್ಟು ತಿಳಿಗೆಂಪು. ಅದಕ್ಕಿಂತ ಹೆಚ್ಚು ಬರಲಿಲ್ಲ. ಕರಿ ದ್ರಾಕ್ಷಿ ಮುಗಿದಿತ್ತು. ಮತ್ತೊಮ್ಮೆ ಮಂಡಿಯೂರಲು ನನ್ನಲ್ಲಿ ಶಕ್ತಿಯೂ ಮುಗಿದಿತ್ತು.

ಸುದ್ದಿ ಕೇಳಿ ನಾಜನೀನ್ ಮಧ್ಯಾಹ್ನದ ಬಸ್ಸಿಗೆ ಓಡಿಬಂದಳು. ಬಟ್ಟೆಯನ್ನೊಮ್ಮೆ ಸವರಿ ನೋಡಿ, "ಆತ ಬಿಡು," ಎಂದಳು. "ನನ್ನ ಕಡೆ ಫೋಟೊ ಐತಿ. ಫ್ಲೆಕ್ಸ್ ಹೊಡಸೋಣು. ನಮ್ಮ ಪ್ಯಾಟ್ಯಾಗ ಒಂದ ತಾಸಿನ ಕೆಲಸ. ಇದಕ್ಕಿಂತ ಝಗಝಗ ಕಾಣತೈತಿ."

ಅವಳು ಹೇಳಿದ್ದು ಸರಿಯಾಗಿತ್ತು. ಬ್ಯಾಂಡಿನವರಿಗೆ ಆದದ್ದನ್ನು ಆದಂತೆ ಬರೆದೆ: ಬಣ್ಣ ಹೋಗಿದೆ, ಫೋಟೊ ಇದೆ, ಫ್ಲೆಕ್ಸ್ ಮಾಡಿಸಬಹುದು. ನಿಮಗೆ ಯಾವುದು ಸರಿ ಅನಿಸುತ್ತದೋ ಅದನ್ನೇ ಕಳಿಸಿ ಸರ್, ಎಂದು ಉತ್ತರ ಬಂತು.

"ಫ್ಲೆಕ್ಸ ಮಾಡಸ್ರಿ," ಎಂದಳು ಅವ್ವ. ನಮಗೆ ಬೆನ್ನು ಹಾಕಿ ಕಡ್ಡಿ ಆರಿಸುತ್ತಿದ್ದಳು. "ಅದ ಚಲೋ. ಈ ಬಟ್ಟಿ ನಾ ಡಬ್ಬಿ ಒರಸಾಕ ಇಟಗೋತೇನಿ."

"ಬ್ಯಾಡ," ಎಂದೆ. "ಬಟ್ಟೀನ ಕಳಸ್ತೇನಿ."

"ಹುಚ್ಚ ಹಿಡದೈತಿ ಇಕಿಗೆ," ಎಂದಳು ನಾಜನೀನ್. "ಏನ ಐತಿ ಅದರಾಗ ನೋಡಾಕ?"

ನಾನು ಬಟ್ಟೆ ಮಡಚತೊಡಗಿದೆ. ವಾದಿಸಲಾರದಷ್ಟು ದಣಿದಿದ್ದೆ ಎಂಬುದು ಒಂದು. ಇನ್ನೊಂದು, ಫ್ಲೆಕ್ಸಿನಲ್ಲಿ ನಾನು ಬಿಡಿಸಿದ್ದೆಲ್ಲ ಇರುತ್ತಿತ್ತು, ಆ ಮಳೆಯಲ್ಲಿ ಅವ್ವ ಓಡಿದ್ದು ಇರುತ್ತಿರಲಿಲ್ಲ. ಇದನ್ನು ಜೋರಾಗಿ ಹೇಳುವುದು ನನ್ನಿಂದಾಗದ ಕೆಲಸ.

ಬಟ್ಟೆಯನ್ನು ಪಾರ್ಸೆಲ್ ಮಾಡಿ ಹುಬ್ಬಳ್ಳಿಗೆ ಕಳಿಸಿ, ನಾನೂ ನೋಡಲು ಬರುತ್ತೇನೆ ಎಂದಷ್ಟೇ ಬ್ಯಾಂಡಿನವರಿಗೆ ಬರೆದಿದ್ದೆ. ಕಾರ್ಯಕ್ರಮದ ದಿನ ಅವ್ವ ತಾನೂ ಬರುತ್ತೇನೆಂದಳು. ಸುಗ್ಗಿ ಮುಗಿದು ಒಣದ್ರಾಕ್ಷಿ ತುಂಬಿದ ಕೊನೆಯ ಡಬ್ಬಿಗಳು ಮಾರಾಟಕ್ಕೆ ಹೋಗಿದ್ದವು. ಮದುವೆಗಳಿಗೆ ಉಡುವ ಸೀರೆ ಉಟ್ಟು, ಒಡೆದ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಸ್ಸು ಹತ್ತಿದಳು. ವಿಜಯಪುರದ ಒಂದು ಕಲ್ಯಾಣ ಮಂಟಪದ ಹಿಂದಿನ ಬಯಲು. ಮುಂದೆ ಹುಡುಗರು ನಿಂತಿದ್ದರು, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು. ನಾಜನೀನ್, ನಾನು, ಅವ್ವ ಹಿಂದೆ ಕುಳಿತೆವು. ವೇದಿಕೆಯ ಮೇಲೆ ನನ್ನ ಪರದೆ ತೂಗುತ್ತಿತ್ತು. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಹೇಳಿದರು: "ಬರೇ ಬಟ್ಟಿ ಕಟ್ಯಾರಲೇ. ಹೊಗೀ ಹಿಡದ ಹಾಸಗಿ ಇದ್ಹಂಗ ಐತಿ." ಅವ್ವ ತಿರುಗಿ ಅವರನ್ನೊಮ್ಮೆ ನೋಡಿದಳು.

ಹಾಡು ಶುರುವಾದಾಗ ಅವಳು ಕಿವಿ ಮುಚ್ಚಿಕೊಂಡಳು. ಎರಡನೆಯ ಹಾಡಿಗೆ ಕೈ ತೆಗೆದಳು. ಅವಳ ಕಣ್ಣು ಡ್ರಮ್ಸಿನ ಹುಡುಗಿಯ ಮೇಲಿತ್ತು. ಕೆಂಪು ದೀಪ ಬಿದ್ದರೆ ಪರದೆ ಕೆಂಪಾಗುತ್ತಿತ್ತು, ನೀಲಿ ಬಿದ್ದರೆ ನೀಲಿ; ತನ್ನದೆಂಬುದು ಅದಕ್ಕೆ ಏನೂ ಇರಲಿಲ್ಲ. ಹಾಡು ಮುಗಿದು ಬಿಳಿ ದೀಪ ಹತ್ತಿದಾಗ ಮಾತ್ರ, ಎಲ್ಲಿ ನೋಡಬೇಕೆಂದು ಗೊತ್ತಿದ್ದವರಿಗೆ, ನಾಲ್ಕು ಆಕಾರಗಳು ಸುಳಿದು ಮರೆಯಾಗುತ್ತಿದ್ದವು.

"ನಾ ಒಳಗ ಒಯ್ಯಬಾರದಾಗಿತ್ತ," ಎಂದಳು ಅವ್ವ, ಎದುರು ನೋಡುತ್ತಲೇ.

"ಮಳ್ಯಾಗ ಬಿಟ್ಟಿದ್ರ ಇಷ್ಟೂ ಉಳೀತಿರಲಿಲ್ಲ ಬೇ."

ಅವಳು ಅದನ್ನು ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹಾಡುವವನು ನೀರು ಕುಡಿದು ಮೈಕಿನ ಹತ್ತಿರ ಬಂದ.

"ನಮ್ಮ ಹಿಂದಿನ ಪರದೆ ನೋಡೀರಿ? ಇದರಾಗ ನಾವ ನಾಕೂ ಮಂದಿ ಅದೇವಿ. ದ್ರಾಕ್ಷಿ ಬಣ್ಣದಾಗ ಬಿಡಿಸಿದ್ದು, ಗಂಧಕದ ಹೊಗಿ ತಿಂದೈತಿ. ಮಾಡಿದವರು ಇಲ್ಲೇ ನಿಮ್ಮ ನಡುವ ಎಲ್ಲೋ ಕುಂತಾರ. ಹೆಸರ ಹೇಳಿಲ್ಲ, ಮಾರಿ ತೋರಿಸಿಲ್ಲ. ಸರ್, ಎಲ್ಲಿ ಅದೀರಿ? ಒಂದ ಸಲ ಕೈ ಎತ್ರಿ!"

ತಲೆಗಳು ಅತ್ತಿತ್ತ ತಿರುಗಿದವು. ನಾಜನೀನ್ ನನ್ನ ತೊಡೆ ಚಿವುಟಿದಳು. ನಾನು ಎರಡೂ ಕೈಗಳನ್ನು ಮಡಿಲಿನಲ್ಲಿ ಹೆಣೆದುಕೊಂಡು ತಲೆ ತಗ್ಗಿಸಿದೆ. ಎತ್ತಬೇಕೆನಿಸಲಿಲ್ಲ ಎಂದಲ್ಲ. ಕೈ ಏಳಲಿಲ್ಲ.

ಪಕ್ಕದಲ್ಲಿ ಬಳೆಯ ಸದ್ದಾಯಿತು. ಅವ್ವ ಕೈ ಎತ್ತಿದ್ದಳು. ಸಂಕೋಚವಿಲ್ಲದೆ, ತೂಕದ ಸರತಿಯಲ್ಲಿ ನಿಂತವರು ತಮ್ಮ ಪಾಳಿ ಹೇಳುವಂತೆ, ನೇರವಾಗಿ.

ದೀಪ ತಿರುಗಿ ಅವಳ ಮೇಲೆ ಬಿತ್ತು. "ಅರೆ, ಸರ್ ಅಲ್ಲೋ, ಅವ್ವಾರು!" ಎಂದ ಹಾಡುವವನು. ಮುಂದಿನ ಹುಡುಗರೆಲ್ಲ ಸಿಳ್ಳೆ ಹೊಡೆದರು. ಡ್ರಮ್ಸಿನ ಹುಡುಗಿ ಎದ್ದು ನಿಂತು ಎರಡೂ ಕೋಲುಗಳನ್ನು ತಲೆಯ ಮೇಲೆತ್ತಿದಳು. ಹಿಂದಿನ ಸಾಲಿನಿಂದ, "ಕಾಕಿ, ಭಾರಿ ಅದೀರಿ," ಎಂಬ ದನಿ ಬಂತು.

ದೀಪ ಹೋದ ಮೇಲೆ ಅವ್ವ ಕೈ ಇಳಿಸಿ ಸೆರಗು ಸರಿಮಾಡಿಕೊಂಡಳು. "ನೀ ಎತ್ತಂಗಿಲ್ಲ ಅಂತ ನನಗ ಗೊತ್ತಿತ್ತ," ಎಂದಳು. "ಅರ್ಧಾ ಕೆಲಸ ನಂದೂ ಐತಲ್ಲ."

ನಾಜನೀನ್ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಾನೂ ನಕ್ಕೆನೆಂದು ಕಾಣುತ್ತದೆ. ಮುಂದಿನ ಹಾಡು ಎದ್ದಿತು.

"ಇನ್ನ ಎಷ್ಟ ಹಾಡ ಅದಾವ?" ಎಂದು ಅವ್ವ ನನ್ನ ಕಿವಿಯ ಹತ್ತಿರ ಕೂಗಿದಳು.

"ಮೂರ ನಾಕ ಇರಬೇಕ. ಹೋಗೋಣೇನ? ದಣದಿ."

"ಮುಗೀಲಿ," ಎಂದಳು. ಚಪ್ಪಲಿ ಬಿಟ್ಟು, ಕಾಲುಗಳನ್ನು ಕುರ್ಚಿಯ ಮೇಲೆ ಮಡಚಿಕೊಂಡು, ಗೋಡೆಗೆ ಒರಗಿದಂತೆ ನನ್ನ ತೋಳಿಗೆ ಒರಗಿ ಕುಳಿತಳು.